ನೀಲಿ ತಂತಿಯ ಜೊತೆ ಬಿಳಿ, ಕಿತ್ತಳೆಯಲ್ಲ

ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಹಾಕಿದ ಎರಡು ಫೋಟೋಗಳನ್ನೂ ಅವುಗಳ ಕೆಳಗಿನ ಪ್ರಶ್ನೆಯನ್ನೂ ನೋಡಿದೆ. ರಸ್ತೆಯ ಮನೆಗೆ ಬಂದಿರುವ ನೆಟ್ಟನ್ನು ಕೆಲಗೇರಿ ಕಡೆಯ ನಮ್ಮ ಮಾವಿನ ತೋಟದ ಒಳಮನೆಗೆ ಒಯ್ಯಲು ಟೆಲಿಫೋನ್ ತಂತಿಯ ಮೇಲೆ ನೆಟ್ ಸಾಗಿಸುವ ಒಂದು ಜೊತೆ ವಿಡಿಎಸ್‌ಎಲ್ ಮೋಡೆಮ್ ತಂದು, ಹಳೆಯ ಇಂಟರ್‌ಕಾಮ್ ಕೇಬಲ್ಲಿಗೆ ಜೋಡಿಸಿದ್ದೀಯ. ಎರಡೂ ಮೋಡೆಮ್‌ಗಳು ಸಿಂಕ್ ಆಗುತ್ತವೆ, ಅಂದರೆ ಒಂದಕ್ಕೊಂದು ಸಂಪರ್ಕಕ್ಕೆ ಬರುತ್ತವೆ, 12 ಮೆಗಾಬಿಟ್ ಆಸುಪಾಸು ವೇಗ ಬರುತ್ತದೆ, ಸಂಜೆ ಪಂಪ್‌ಸೆಟ್ ಚಾಲೂ ಆದೊಡನೆ ದೀಪ ಮತ್ತೆ ಮಿಣುಕುತ್ತದೆ. ಮೋಡೆಮ್ ಕೆಟ್ಟಿರಬೇಕು, ಅಂಗಡಿಗೆ ಹಿಂದಿರುಗಿಸಲೇ ಎಂದು ಕೇಳಿದ್ದೀಯ. ಬರೆದು ತಿಳಿಸಿದರೆ ಅರ್ಧ ವಿಷಯ ಬಿಟ್ಟುಹೋದೀತೆಂದು ಮಾತಿನಲ್ಲಿಯೇ ಹೇಳಿ ಕಳಿಸುತ್ತಿದ್ದೇನೆ. ಪೂರ್ತಿ ಕೇಳಿದ ಮೇಲೆ ಸ್ಕ್ರೂಡ್ರೈವರ್ ಹಿಡಿ, ಮೋಡೆಮನ್ನು ಮಾತ್ರ ಸದ್ಯಕ್ಕೆ ಹಿಂದಿರುಗಿಸಬೇಡ.

ಎರಡನೆಯ ಫೋಟೋವನ್ನು ದೊಡ್ಡದು ಮಾಡಿ ನೋಡು. ಒಂದು ಸ್ಕ್ರೂವಿನ ಕೆಳಗೆ ನೀಲಿ ತಂತಿ ಇದೆ, ಇನ್ನೊಂದರ ಕೆಳಗೆ ಕಿತ್ತಳೆ ತಂತಿ ಇದೆ. ನಾಲ್ಕೈದು ಬಿಳಿ ತಂತಿಗಳು ಪೆಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ಮಡಚಿಕೊಂಡು ಕುಳಿತಿವೆ. ನನ್ನ ಮಟ್ಟಿಗೆ ನಿನ್ನ ತೊಂದರೆಯ ಬಹುಪಾಲು ಆ ಒಂದು ಫೋಟೋದಲ್ಲಿಯೇ ಇದೆ. ಆ ಕೇಬಲ್ಲನ್ನು ಹಾಕಿದವನೂ ಎರಡೂ ತುದಿಗಳನ್ನು ಕಟ್ಟಿದವನೂ ನಾನೇ ಆದ್ದರಿಂದ ಅದರ ಹೊಟ್ಟೆಯಲ್ಲಿ ಏನಿದೆ ಎಂಬುದು ನನಗೆ ಚೆನ್ನಾಗಿ ನೆನಪಿದೆ. ಅದು ಐದು ಜೋಡಿಯ, ಜೆಲ್ಲಿ ತುಂಬಿದ, ಅರ್ಧ ಮಿಲಿಮೀಟರ್ ತಾಮ್ರದ ಟೆಲಿಫೋನ್ ಕೇಬಲ್. ಅದರಲ್ಲಿ ನೀಲಿ, ಕಿತ್ತಳೆ, ಹಸಿರು, ಕಂದು, ಬೂದು ಎಂಬ ಐದು ಬಣ್ಣದ ತಂತಿಗಳಿವೆ, ಪ್ರತಿಯೊಂದಕ್ಕೂ ತನ್ನದೇ ಆದ ಒಂದು ಬಿಳಿ ತಂತಿ ಹೆಣೆದುಕೊಂಡಿದೆ. ಬಿಚ್ಚಿದ ಮೇಲೆ ಎಲ್ಲ ಬಿಳಿಗಳೂ ಒಂದೇ ತರಹ ಕಾಣುವುದರಿಂದ, ಹೋದ ವರ್ಷ ಪಂಪ್‌ಸೆಟ್ ರಿಪೇರಿಗೆಂದು ಬಂದ ವಯರಿಂಗಿನವರು ಮಲ್ಟಿಮೀಟರಿನ ಬೀಪ್ ಸದ್ದು ಕೇಳಿಕೊಂಡು, ಎರಡೂ ತುದಿಗಳಲ್ಲಿ ಸುಲಭವಾಗಿ ಗುರುತು ಸಿಗುವ ನೀಲಿಯನ್ನೂ ಕಿತ್ತಳೆಯನ್ನೂ ಆರಿಸಿಕೊಂಡಿದ್ದಾರೆ. ಅವರನ್ನು ದೂಷಿಸುವುದಕ್ಕೆ ಕಾರಣವಿಲ್ಲ, ಏಕೆಂದರೆ ಇಂಟರ್‌ಕಾಮಿಗೆ ಅಷ್ಟೇ ಸಾಕಾಗುತ್ತದೆ. ಮಾತಿನ ಧ್ವನಿಗೆ 300ರಿಂದ 3400 ಹರ್ಟ್ಸ್ ಇದ್ದರೆ ಮುಗಿಯಿತು, ಆ ಕೆಳಮಟ್ಟದಲ್ಲಿ ತಪ್ಪು ಜೋಡಿಯೂ ಸರಿಯಾಗಿಯೇ ಮಾತನಾಡುತ್ತದೆ. ನಿನ್ನ ಮೋಡೆಮ್ ಅದೇ ತಂತಿಯ ಮೇಲೆ 17 ಮೆಗಾಹರ್ಟ್ಸ್‌ವರೆಗೆ ಏರುತ್ತದೆ.

ಎರಡು ತಂತಿಗಳನ್ನು ಹೆಣೆಯುವುದು ಅಂದಕ್ಕಾಗಿ ಅಲ್ಲ. 1881ರಲ್ಲಿ ಗ್ರಹಾಂ ಬೆಲ್ ಈ ಉಪಾಯವನ್ನು ಪೇಟೆಂಟ್ ಮಾಡಿಸಿದ, ಇಂದಿಗೂ ಅದರ ಕೆಲಸ ಅದೇ ಆಗಿದೆ. ಹೆಣೆದುಕೊಂಡ ಎರಡು ತಂತಿಗಳಲ್ಲಿ ಒಮ್ಮೆ ಒಂದು, ಒಮ್ಮೆ ಇನ್ನೊಂದು ಹೊರಗಿನ ಗದ್ದಲಕ್ಕೆ ಹತ್ತಿರವಾಗುತ್ತಾ ಹೋಗುವುದರಿಂದ ಎರಡರ ಮೇಲೂ ಗದ್ದಲ ಸಮನಾಗಿ ಬೀಳುತ್ತದೆ. ಮೋಡೆಮ್ ಓದುವುದು ಎರಡು ತಂತಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ, ಆದ್ದರಿಂದ ಸಮನಾಗಿ ಬಿದ್ದದ್ದು ಕಳೆದುಹೋಗುತ್ತದೆ. ನೀಲಿಯು ತನ್ನ ಬಿಳಿಯೊಂದಿಗೆ ಹೆಣೆದುಕೊಂಡಿದೆ, ಕಿತ್ತಳೆಯು ತನ್ನ ಬಿಳಿಯೊಂದಿಗೆ, ಅದೂ ಬೇರೆ ಅಳತೆಯ ತಿರುವಿನಲ್ಲಿ. ನೀಲಿಯನ್ನೂ ಕಿತ್ತಳೆಯನ್ನೂ ಜೋಡಿ ಎಂದು ಕೊಟ್ಟರೆ 350 ಮೀಟರ್ ಉದ್ದಕ್ಕೂ ಅವುಗಳ ನಡುವೆ ಹೆಣಿಗೆಯೇ ಇಲ್ಲದಂತಾಗಿ, ಇಡೀ ಕೇಬಲ್ ಒಂದು ಆಂಟೆನಾ ಆಗುತ್ತದೆ. ಹುಬ್ಬಳ್ಳಿಯಲ್ಲಿ ಕೇಬಲ್ ಜೋಡಿಸುವ ಕೆಲಸ ಮಾಡುತ್ತಿದ್ದಾಗ ಇದಕ್ಕೆ ನಾವು ಸ್ಪ್ಲಿಟ್ ಪೇರ್ ಎನ್ನುತ್ತಿದ್ದೆವು. ಮೀಟರಿಗೆ ಇದು ಎಂದಿಗೂ ಸಿಕ್ಕಿಬೀಳುವುದಿಲ್ಲ, ಏಕೆಂದರೆ ತಾಮ್ರ ಈ ತುದಿಯಿಂದ ಆ ತುದಿಗೆ ಅಖಂಡವಾಗಿಯೇ ಇರುತ್ತದೆ.

ಮೋಡೆಮ್ ಈ ತೊಂದರೆಯನ್ನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ತಿಳಿದರೆ ನಿನ್ನ 12 ಮೆಗಾಬಿಟ್ಟಿನ ಅರ್ಥವೂ ತಿಳಿಯುತ್ತದೆ. 2006ರ ವಿಡಿಎಸ್‌ಎಲ್2 ಮಾನದಂಡದಲ್ಲಿ 17ಎ ಎಂಬ ಪ್ರೊಫೈಲ್ ಇದೆ. ಅದು ತಂತಿಯ ಮೇಲಿನ ಜಾಗವನ್ನು 4.3125 ಕಿಲೋಹರ್ಟ್ಸ್ ಅಂತರದ 4096 ಸಣ್ಣ ಸ್ವರಗಳಾಗಿ, ಅಂದರೆ ಆವರ್ತನದ ತುಂಡುಗಳಾಗಿ, ಹಂಚಿಕೊಳ್ಳುತ್ತದೆ. ಸಿಂಕ್ ಆಗುವಾಗ ಎರಡೂ ತುದಿಗಳು ಒಂದೊಂದು ಸ್ವರದಲ್ಲಿಯೂ ಗದ್ದಲವೆಷ್ಟು, ಸಿಗ್ನಲ್ ಎಷ್ಟು ಎಂದು ಅಳೆದು, ಶುದ್ಧವಾದ ಸ್ವರಕ್ಕೆ ಗರಿಷ್ಠ 15 ಬಿಟ್, ಮಂಕಾದುದಕ್ಕೆ ಎರಡೋ ಮೂರೋ ಬಿಟ್, ತೀರ ಕೆಟ್ಟದ್ದಕ್ಕೆ ಏನೂ ಇಲ್ಲ ಎಂದು ಹೊರೆ ಹಂಚುತ್ತವೆ. ನಮ್ಮ ಧಾರವಾಡ ಆಕಾಶವಾಣಿಯ ಮೀಡಿಯಂ ವೇವ್ 765 ಕಿಲೋಹರ್ಟ್ಸ್‌ನಲ್ಲಿದೆಯಲ್ಲ, ಅದು ಸರಿಯಾಗಿ 177 ಮತ್ತು 178ನೆಯ ಸ್ವರಗಳ ನಡುವೆ ಬೀಳುತ್ತದೆ. ಸರಿಯಾದ ಜೋಡಿಯ ಮೇಲೆ ಅದರಿಂದ ನಾಲ್ಕಾರು ಸ್ವರಗಳು ಮಂಕಾದರೆ ಹೆಚ್ಚು. ಹೆಣಿಗೆ ತಪ್ಪಿದ ತಂತಿಯ ಮೇಲೆ ಊರಿನ ರೇಡಿಯೋ, ಪಂಪಿನ ಸ್ಟಾರ್ಟರ್ ಕಿಡಿ, ಎಲ್‌ಇಡಿ ಬಲ್ಬಿನ ಡ್ರೈವರ್ ಎಲ್ಲವೂ ಒಳನುಗ್ಗಿ ಸಾವಿರಾರು ಸ್ವರಗಳನ್ನು ಮುಳುಗಿಸುತ್ತವೆ. 350 ಮೀಟರಿನ ಅರ್ಧ ಮಿಲಿಮೀಟರ್ ತಾಮ್ರದ ಮೇಲೆ 60 ಮೆಗಾಬಿಟ್ಟಿಗಿಂತ ಹೆಚ್ಚು ಬರಬೇಕು. ನಿನಗೆ 12 ಬರುತ್ತಿದೆ ಎಂದರೆ ಮೋಡೆಮ್ ತನ್ನ ಕೈಲಾದದ್ದನ್ನು ಮಾಡುತ್ತಿದೆ ಎಂದೇ ಅರ್ಥ.

ಆದ್ದರಿಂದ ನಾಳೆ ಬೆಳಿಗ್ಗೆ ಮೊದಲು ಎರಡೂ ಮೋಡೆಮ್‌ಗಳ ಲೈನ್ ಪ್ಲಗ್ಗನ್ನು ತೆಗೆದುಬಿಡು. ಕೇಬಲ್ಲಿನ ಹೊರಪೊರೆಯನ್ನು ಇನ್ನೂ ಒಂದು ಗೇಣು ಹಿಂದಕ್ಕೆ, ಹೆಣಿಗೆ ಬಿಚ್ಚಿಲ್ಲದ ಜಾಗದವರೆಗೆ ಸುಲಿದು, ನೀಲಿಯನ್ನು ಸುತ್ತಿಕೊಂಡಿರುವ ಬಿಳಿ ಯಾವುದೆಂದು ಕಣ್ಣಿನಿಂದಲೇ ನೋಡಿ ಅದಕ್ಕೊಂದು ದಾರ ಕಟ್ಟು. ಮತ್ತೊಂದು ತುದಿಯಲ್ಲಿಯೂ ಹಾಗೆಯೇ ಮಾಡು. ಜೆಲ್ಲಿ ಕೈಗೆ ಅಂಟುತ್ತದೆ, ಸೀಮೆಎಣ್ಣೆ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಸ್ಕ್ರೂವಿಗೆ ಕೂಡಿಸುವಾಗ ಒಂದೆರಡು ಸೆಂಟಿಮೀಟರಿಗಿಂತ ಹೆಚ್ಚು ಹೆಣಿಗೆಯನ್ನು ಬಿಚ್ಚಬೇಡ. ಅನಂತರ ತೋಟದ ತುದಿಯಲ್ಲಿ ನೀಲಿಯನ್ನೂ ಅದರ ಬಿಳಿಯನ್ನೂ ಒಂದಕ್ಕೊಂದು ಹೊಸೆದು, ಮನೆಯ ತುದಿಯಲ್ಲಿ ಮೀಟರ್ ಹಿಡಿದರೆ ಸುಮಾರು 60 ಓಮ್ ತೋರಿಸಬೇಕು. 80 ದಾಟಿದರೆ ಅಥವಾ ಅಂಕಿ ಕುಣಿಯುತ್ತಿದ್ದರೆ ನಡುವೆ ಎಲ್ಲಿಯೋ ಜಾಯಿಂಟ್ ಸಡಿಲವಾಗಿದೆ. ಹೊಸೆದದ್ದನ್ನು ಬಿಡಿಸಿದ ಮೇಲೆ ಮೀಟರ್ ಏನೂ ತೋರಿಸಬಾರದು. ಕೆಲವು ಕಿಲೋ ಓಮ್ ತೋರಿಸಿದರೆ ನೀರು ಹೊಕ್ಕಿದೆ.

ಆ ನಡುವಿನ ಜಾಯಿಂಟ್ ಎಂದಾಗ ಪಂಪಿನ ಮನೆಯ ಮಾತು ಬಂದೇ ಬರುತ್ತದೆ. ಅಣ್ಣಾ, ನಿಮಗೆ ನೆನಪಿರಬಹುದು, ಪಂಪಿನ ಮನೆಯಲ್ಲಿಯೂ ಒಂದು ಇಂಟರ್‌ಕಾಮ್ ಬೇಕೆಂದು ನೀವು ಕೇಳಿದಾಗ ನಾನು ನೀಲಿ ಜೋಡಿಯಿಂದಲೇ ಸುಮಾರು 25 ಮೀಟರಿನ ಒಂದು ಕವಲು ತೆಗೆದುಕೊಟ್ಟಿದ್ದೆ. ಆ ಇಂಟರ್‌ಕಾಮ್ ಈಗಿಲ್ಲ, ಕವಲು ಮಾತ್ರ ಉಳಿದಿದೆ. ತುದಿಯಲ್ಲಿ ಏನೂ ಇಲ್ಲದ ಕವಲಿಗೆ ಹೋದ ಸಿಗ್ನಲ್ ಅಲ್ಲಿ ಡಿಕ್ಕಿ ಹೊಡೆದು ತಿರುಗಿ ಬರುತ್ತದೆ, 25 ಮೀಟರಿನ ಕವಲಾದರೆ 2 ಮೆಗಾಹರ್ಟ್ಸ್ ಆಸುಪಾಸಿನಲ್ಲಿಯೂ ಅದರ ಮೂರು ಪಟ್ಟು, ಐದು ಪಟ್ಟು ಜಾಗಗಳಲ್ಲಿಯೂ ಮೂಲ ಸಿಗ್ನಲ್ಲನ್ನೇ ತಿಂದುಹಾಕುತ್ತದೆ. ತಮ್ಮಾ, ಅದನ್ನು ಕವಲೊಡೆದ ಜಾಗದಲ್ಲಿಯೇ ಕತ್ತರಿಸಬೇಕು, ಪಂಪಿನ ಮನೆಯಲ್ಲಿ ಕತ್ತರಿಸಿದರೆ ಉಪಯೋಗವಿಲ್ಲ. ಕೂಡಿಸುವಾಗ ಕಪ್ಪು ಟೇಪು ಸುತ್ತಬೇಡ. ಜೆಲ್ಲಿ ತುಂಬಿದ ಯುವೈ ಕನೆಕ್ಟರ್ ಹುಬ್ಬಳ್ಳಿಯ ಟೆಲಿಫೋನ್ ಸಾಮಾನಿನ ಅಂಗಡಿಗಳಲ್ಲಿ ಕೇಳು. ಮೊದಲನೆಯ ಫೋಟೋದಲ್ಲಿ ಮೋಟರಿನ ಕರೆಂಟ್ ವಯರನ್ನು ನಮ್ಮ ಕೇಬಲ್ಲಿನ ಜೊತೆ ಒಂದೇ ಕಟ್ಟು ಮಾಡಿ ಗೋಡೆಗೆ ಬಿಗಿದಿರುವುದೂ ಕಾಣುತ್ತದೆ. ಅವೆರಡನ್ನೂ ಒಂದು ಅಡಿಯಾದರೂ ದೂರ ಮಾಡು.

ಈಗ ಮೋಡೆಮ್ ಜೋಡಿಸುವ ಮಾತು. ಈ ಜೊತೆಯಲ್ಲಿ ಒಂದು ಮಾಸ್ಟರ್, ಒಂದು ಸ್ಲೇವ್ ಇರಲೇಬೇಕು. ಪಕ್ಕದಲ್ಲಿರುವ ಸಣ್ಣ ಸ್ವಿಚ್ಚಿನ ಹತ್ತಿರ ಸಿಒ, ಸಿಪಿಇ ಎಂದು ಬರೆದಿರುತ್ತಾರೆ, ಸಿಒ ಎಂದರೆ ಮಾಸ್ಟರ್, ಸಿಪಿಇ ಎಂದರೆ ಸ್ಲೇವ್. ಎರಡನ್ನೂ ಒಂದೇ ಕಡೆ ಇಟ್ಟರೆ ಜನ್ಮಕ್ಕೂ ಸಿಂಕ್ ಆಗುವುದಿಲ್ಲ. ಸಿಒ ತುದಿಯಿಂದ ಸಿಪಿಇ ತುದಿಗೆ ಹೋಗುವ ದಾರಿ ಅಗಲ, ಹಿಂದಿರುಗುವ ದಾರಿ ಕಿರಿದು ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ನೀನು ತೋಟದಲ್ಲಿ ಕುಳಿತು ಕೆಲಸ ಮಾಡುವುದಕ್ಕೆ ಮನೆಯ ಕಡೆ ಸಿಒ ಇರುವುದೇ ಸರಿ. ಆದರೆ ತೋಟದ ಆರು ಕ್ಯಾಮೆರಾಗಳ ಚಿತ್ರ ಮನೆಯ ರೆಕಾರ್ಡರಿಗೆ ಬರುವುದು ಕಿರಿದಾದ ದಾರಿಯಲ್ಲಿ. ಒಂದಕ್ಕೆ 4 ಮೆಗಾಬಿಟ್ ಹಿಡಿದರೂ 24 ಆಯಿತು. ನಿನ್ನ ಮೋಡೆಮಿನಲ್ಲಿ ಎರಡೂ ದಿಕ್ಕಿಗೆ ಸಮನಾಗಿ ಹಂಚುವ ಸ್ವಿಚ್ ಇದ್ದರೆ ಅದನ್ನು ಹಾಕು. ಇಲ್ಲದಿದ್ದರೆ ರೆಕಾರ್ಡರನ್ನೇ ತೋಟದ ಮನೆಯಲ್ಲಿಡುವುದು ನನಗೆ ಹೆಚ್ಚು ಸರಿಯೆನಿಸುತ್ತದೆ.

ಮನೆಯ ರೂಟರಿನ ಲ್ಯಾನ್ ಪೋರ್ಟಿನಿಂದ ಸಿಒ ಮೋಡೆಮಿಗೆ ಒಂದು ಕೇಬಲ್, ತೋಟದಲ್ಲಿ ಸಿಪಿಇ ಮೋಡೆಮಿನಿಂದ ವೈಫೈ ಡಬ್ಬಿಗೆ ಒಂದು ಕೇಬಲ್, ಇಷ್ಟೇ. ತೋಟದ ವೈಫೈ ಡಬ್ಬಿಯನ್ನು ಆಕ್ಸೆಸ್ ಪಾಯಿಂಟ್ ಮಾಡಿ, ಫೋನುಗಳಿಗೆ ವಿಳಾಸ ಹಂಚುವ ಅದರ ಡಿಎಚ್‌ಸಿಪಿಯನ್ನು ತಪ್ಪದೆ ಆಫ್ ಮಾಡು. ಮನೆಯ ರೂಟರೂ ಅದೂ ಎರಡೂ 192.168.1.1 ಎಂದು ಕುಳಿತರೆ ಒಂದು ಫೋನಿಗೆ ನೆಟ್ ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ನೀನು ಮತ್ತೆ ತಂತಿಯನ್ನೇ ಅನುಮಾನಿಸುತ್ತೀಯ. ಪ್ಲಗ್ಗಿನಲ್ಲಿ ನಡುವಿನ ಎರಡು ಕಾಲುಗಳಿಗೆ ಮಾತ್ರ ನಮ್ಮ ಜೋಡಿ ಬರಬೇಕು. ಮತ್ತೊಂದು ಮಾತು, ಮೋಡೆಮಿನ ಲೈನನ್ನು ಯಾವ ಕಾರಣಕ್ಕೂ ಜೀವಂತ ಟೆಲಿಫೋನ್ ಲೈನಿಗೆ ಚುಚ್ಚಬೇಡ, ಅಲ್ಲಿ ಯಾವಾಗಲೂ ಸುಮಾರು 48 ವೋಲ್ಟ್ ಇರುತ್ತದೆ, ಗಂಟೆ ಬಾರಿಸುವಾಗ ಇನ್ನೂ ಹೆಚ್ಚು.

ಸಿಂಕ್ ಆದ ಮೇಲೆ ವೇಗದ ಅಂಕಿಯನ್ನು ನೋಡಿ ಸಂತೋಷಪಡುವ ಮೊದಲು, ಮೋಡೆಮಿನ ತಳದಲ್ಲಿ ಅಂಟಿಸಿರುವ ವಿಳಾಸವನ್ನು ಬ್ರೌಸರಿನಲ್ಲಿ ಹೊಡೆದು ನಾಯ್ಸ್ ಮಾರ್ಜಿನ್ ಎಷ್ಟಿದೆ ನೋಡು. ಸಾಮಾನ್ಯವಾಗಿ ಅದು 6 ಡಿಬಿ (ಡೆಸಿಬೆಲ್) ಇರುತ್ತದೆ, ಅಂದರೆ ಈಗಿರುವ ಗದ್ದಲದ ಶಕ್ತಿ ನಾಲ್ಕು ಪಟ್ಟಾಗುವವರೆಗೆ ಲೈನು ತಾಳುತ್ತದೆ. ಮೋಟರ್ ಚಾಲೂ ಆಗುವ ತೋಟದಲ್ಲಿ ಅದು ಸಾಲದು. ಅವಕಾಶವಿದ್ದರೆ 9 ಡಿಬಿ ಮಾಡು, ಆಗ ಎಂಟು ಪಟ್ಟು ತಾಳುತ್ತದೆ. ಇದಕ್ಕೆ ಪ್ರತಿ ಸ್ವರದಲ್ಲಿ ಸುಮಾರು ಒಂದು ಬಿಟ್ ಬಿಟ್ಟುಕೊಡಬೇಕಾಗುತ್ತದೆ, ಬಿಟ್ಟುಕೊಡು. ಸ್ಟಾರ್ಟರಿನ ಕಿಡಿ ಕ್ಷಣಮಾತ್ರದ್ದಾದ್ದರಿಂದ ದತ್ತಾಂಶವನ್ನು ಕಲಸಿ ಕಳಿಸುವ ಇಂಟರ್‌ಲೀವ್ ಆನ್ ಇರಲಿ. ದತ್ತಾಂಶ ಕೆಲವು ಮಿಲಿಸೆಕೆಂಡ್ ತಡವಾದರೂ ಕೆಟ್ಟ ತುಣುಕುಗಳು ಚದುರಿ ಬಿದ್ದು, ಮೋಡೆಮ್ ಅವನ್ನು ತಾನೇ ತಿದ್ದಿಕೊಳ್ಳುತ್ತದೆ.

ವೈನಿಯವರು ಕೇಳಿದ ಸಿಡಿಲಿನ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ನಮ್ಮ ಕಡೆ ಸಿಡಿಲು ಹೇಗಿರುತ್ತದೆ ಎಂದು ಎಲ್ಲರಿಗೂ ಗೊತ್ತು. ಹಿಂದೆ ನಾನು ಮನೆಯ ತುದಿಗೆ ಮಾತ್ರ, ಸಿಡಿಲಿನ ವೋಲ್ಟೇಜನ್ನು ನೆಲಕ್ಕೆ ಹರಿಸುವ ಅರೆಸ್ಟರ್ ಹಾಕಿದ್ದೆ, ತೋಟದ ತುದಿಗೆ ಹಾಕಿರಲಿಲ್ಲ. ಒಂದೇ ಮಳೆಯಲ್ಲಿ ತೋಟದ ಇಂಟರ್‌ಕಾಮ್ ಸುಟ್ಟಿತು. ನೆಲದೊಳಗೆ ಕೇಬಲ್ ಇದ್ದರೂ ಹತ್ತಿರ ಬಿದ್ದ ಸಿಡಿಲು ಅದರಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಎರಡೂ ತುದಿಗಳಿಗೆ ಮೂರು ಕಾಲಿನ ಗ್ಯಾಸ್ ಟ್ಯೂಬ್ ಅರೆಸ್ಟರ್ ಹಾಕಿ, ನಡುಗಾಲನ್ನು ಆಯಾ ಕಟ್ಟಡದ ಅರ್ಥಿಂಗಿಗೆ ಸಾಧ್ಯವಾದಷ್ಟು ಗಿಡ್ಡ ತಂತಿಯಲ್ಲಿ ಕೂಡಿಸು. ಎಂಒವಿ ಎಂಬ ಬಿಡಿಭಾಗ ಹಾಕಿದ ಅಗ್ಗದ ಪ್ರೊಟೆಕ್ಟರ್ ಬೇಡ, ಅದು ಮೇಲಿನ ಸ್ವರಗಳನ್ನು ನುಂಗುತ್ತದೆ. ಇಷ್ಟಾದರೂ ಗುಡುಗು ಕೇಳಿಸಿದರೆ ಲೈನ್ ಪ್ಲಗ್ಗನ್ನೂ ಕರೆಂಟನ್ನೂ ಎರಡೂ ಕಡೆ ಕೀಳಬೇಕು, ಗುಡುಗುವಾಗ ಆ ತಂತಿಗಳನ್ನು ಯಾರೂ ಮುಟ್ಟಬಾರದು. ಮಕ್ಕಳಿಗೂ ಹೇಳಿ ವೈನಿ.

ಫೈಬರ್ ಹಾಕಬಾರದೇ ಎಂದು ಅಣ್ಣ ಕೇಳಿದ್ದಾರೆ. ಹಾಕಬಹುದು ಅಣ್ಣಾ, ವೇಗಕ್ಕೂ ಸಿಡಿಲಿನ ಭಯಕ್ಕೂ ಅದೇ ಮೇಲು. ಆದರೆ ಈಗ ಅಗೆಯಬೇಕಾದ ದಾರಿ ಆಪೂಸ್ ಮರಗಳ ಬೇರಿನ ನಡುವೆ ಹೋಗುತ್ತದೆ. ಲ್ಯಾನ್ ಕೇಬಲ್ಲಾದರೆ 100 ಮೀಟರಿಗೇ ನಿಲ್ಲುತ್ತದೆ, ವೈರ್‌ಲೆಸ್ಸಿಗೆ ಮಾವಿನ ಎಲೆಗಳೇ ಅಡ್ಡ. ಮುಂದೆ ಹನಿ ನೀರಾವರಿಯ ಪೈಪಿಗಾಗಿ ಅಗೆದಾಗ ಜೊತೆಯಲ್ಲೊಂದು ಖಾಲಿ ಪೈಪು ಹಾಕಿಡೋಣ. ಅಲ್ಲಿಯವರೆಗೆ ಈ ಕೇಬಲ್ಲೇ ಸಾಕು.

ತಮ್ಮಾ, ನಾಳೆ ಪೊರೆ ಸುಲಿದು ನೀಲಿಯ ಬಿಳಿ ಸಿಕ್ಕ ಮೇಲೆ, ಸ್ಕ್ರೂ ಬಿಗಿಯುವ ಮೊದಲೇ ಎರಡೂ ತುದಿಗಳ ಫೋಟೋ ಕಳಿಸು. ಓಮ್ ಎಷ್ಟು ಬಂತು ಎಂಬುದನ್ನೂ ಹೇಳು, ಮಾರ್ಜಿನ್ ಅನ್ನು ಒಮ್ಮೆ ಮೋಟರ್ ನಿಂತಾಗ, ಒಮ್ಮೆ ಓಡುವಾಗ ನೋಡಿ ಎರಡೂ ಅಂಕಿಗಳನ್ನು ಬರೆದು ಹಾಕು.