ದಿಂಬಿನ ಕೆಳಗೆ ಫೋನ್ ಇಟ್ಟು ಮಲಗಿದರೆ ತೊಂದರೆಯೇ?

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ, ರಾತ್ರಿ ಫೋನನ್ನು ದಿಂಬಿನ ಕೆಳಗೇ ಇಟ್ಟು ಮಲಗುತ್ತಾಳೆ. ನಾನೂ ದಿನಕ್ಕೆ ಎರಡು ಗಂಟೆ ಮಾತಾಡುತ್ತೇನೆ, ಮುಗಿಯುವ ಹೊತ್ತಿಗೆ ಕಿವಿ ಕೆಂಪಗಾಗಿ ಸುಡುತ್ತಿರುತ್ತದೆ. ಇದು ರೇಡಿಯೇಷನ್ನಿಂದಲೇ ಅಲ್ವಾ? ಮೆದುಳಲ್ಲಿ ಗಡ್ಡೆ ಬರುತ್ತೆ ಅಂತಾರೆ, ನಿಜಕ್ಕೂ ಭಯವಾಗಿದೆ.

ಉತ್ತರ 1: ಕಿವಿ ಬಿಸಿಯಾಗುವುದು ಹೆಚ್ಚಾಗಿ ಬ್ಯಾಟರಿಯ ಕಾವಿನಿಂದ, ಜೊತೆಗೆ ಒತ್ತಿ ಹಿಡಿದಾಗ ಗಾಳಿಯೂ ಆಡುವುದಿಲ್ಲ. ರೇಡಿಯೋ ಅಲೆಗಳೂ ಮೈಯನ್ನು ಬಿಸಿ ಮಾಡುತ್ತವೆ, ಆದರೆ ತೀರಾ ಕಡಿಮೆ. ಎಕ್ಸ್‌ರೇ ಹಾಗೆ ಡಿಎನ್‌ಎ ಮುರಿಯುವ ಶಕ್ತಿ ಇವಕ್ಕಿಲ್ಲ.

ಉತ್ತರ 2: ಹಾಗಂತ ಸುಮ್ನೆ ತಳ್ಳಿಹಾಕಬೇಡಿ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಇದನ್ನು 2ಬಿ ಗುಂಪಿಗೆ, ಅಂದರೆ ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಗೆ ಸೇರಿಸಿತು.

ಉತ್ತರ 1: ಸೇರಿಸಿದ್ದು ನಿಜ. ಆದರೆ 2ಬಿ ಅಂದರೆ ಪುರಾವೆ ಸೀಮಿತ, ಸಾಧ್ಯತೆ ಅಲ್ಲಗಳೆಯಲಾಗದು ಅಂತ ಅಷ್ಟೇ. 2024ರಲ್ಲಿ ಅದೇ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆಯಲ್ಲಿ, 10 ವರ್ಷಕ್ಕಿಂತ ಜಾಸ್ತಿ ಫೋನ್ ಬಳಸಿದವರಲ್ಲೂ ಮೆದುಳಿನ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಇದನ್ನು ನಿಮ್ಮ ಮಗಳಿಗೂ ಹೇಳಿ.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಸಿಗ್ನಲ್ ಒಂದೇ ಕಡ್ಡಿ ಇದ್ದಾಗ, ಲಿಫ್ಟಿನಲ್ಲೋ ನೆಲಮಾಳಿಗೆಯಲ್ಲೋ, ಟವರ್ ತಲುಪಲು ಫೋನ್ ಜಾಸ್ತಿ ಶಕ್ತಿಯಿಂದ ಅಲೆ ಬಿಡುತ್ತದೆ, ಅಲ್ಲಿ ಉದ್ದ ಮಾತು ಬೇಡ. ಇಯರ್‌ಫೋನ್ ಹಾಕಿ ಫೋನನ್ನು ಒಂದು ಅಡಿ ದೂರ ಇಟ್ಟರೂ ತಲೆಗೆ ಬೀಳುವುದು ಎಷ್ಟೋ ಪಟ್ಟು ಇಳಿಯುತ್ತದೆ. ದಿಂಬಿನ ಕೆಳಗೆ ಚಾರ್ಜ್‌ಗೆ ಹಾಕಿ ಮಲಗುವುದನ್ನು ಮಾತ್ರ ಇವತ್ತೇ ನಿಲ್ಲಿಸಿ, ಅಲ್ಲಿ ಶಾಖ ಹೊರಹೋಗದೆ ಬೆಂಕಿ ಹತ್ತಬಹುದು.