ಸ್ರೆಬ್ರೆನಿತ್ಸಾ ಜನಾಂಗಹತ್ಯೆ, ಪ್ರಿಯೆದೋರ್ ಯಾಕಲ್ಲ?

ಪ್ರಶ್ನೆ:
ಬೋಸ್ನಿಯಾ ಯುದ್ಧದ ತೀರ್ಪುಗಳಲ್ಲಿ ಒಂದು ವಿಷಯ ಬಗೆಹರಿಯುತ್ತಿಲ್ಲ. 1992ರಲ್ಲಿ ಪ್ರಿಯೆದೋರ್ ಸುತ್ತಲಿನ ಊರುಗಳಲ್ಲಿ, ಒಮಾರ್ಸ್ಕಾದಂಥ ಬಂಧನ ಶಿಬಿರಗಳಲ್ಲಿ ಸರ್ಬ್ ಪಡೆಗಳು ನಡೆಸಿದ, ಮುಖ್ಯವಾಗಿ ಮುಸ್ಲಿಮರ ಕೊಲೆಗಳನ್ನು ಹೇಗ್‌ನ ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಮಂಡಳಿ ಮಾನವತೆಯ ವಿರುದ್ಧದ ಅಪರಾಧ ಎಂದಿತು. 1995ರ ಸ್ರೆಬ್ರೆನಿತ್ಸಾವನ್ನು ಜನಾಂಗಹತ್ಯೆ ಎಂದಿತು. ಸತ್ತವರ ಲೆಕ್ಕ ನೋಡಿ ಹೀಗೆ ವಿಂಗಡಿಸುತ್ತಾರಾ?

ಉತ್ತರ 1:
ಲೆಕ್ಕ ಅಲ್ಲ ಸರ್, ಉದ್ದೇಶ. ನಮ್ಮ ಪತ್ರಿಕೆಗಳು ಎಲ್ಲ ಸಾಮೂಹಿಕ ಕೊಲೆಗೂ ‘ನರಮೇಧ’ ಎಂದೇ ತಲೆಬರಹ ಕೊಡುವುದರಿಂದ ಎರಡೂ ಒಂದೇ ಅನ್ನಿಸುತ್ತದೆ. 1948ರ ಜನಾಂಗಹತ್ಯೆ ಒಡಂಬಡಿಕೆಯ ಪ್ರಕಾರ ರಾಷ್ಟ್ರೀಯತೆ, ಜನಾಂಗ, ವರ್ಣ, ಧರ್ಮ ಈ ನಾಲ್ಕರಲ್ಲಿ ಒಂದರಿಂದ ಗುರುತಾಗುವ ಗುಂಪನ್ನು ಪೂರ್ತಿಯಾಗಿ ಇಲ್ಲವೇ ಭಾಗಶಃ ನಾಶ ಮಾಡುವ ಉದ್ದೇಶವೇ ಸಾಬೀತಾಗಬೇಕು. ರಾಜಕೀಯ ಗುಂಪು ಈ ಪಟ್ಟಿಯಲ್ಲಿಲ್ಲ. ಪ್ರಿಯೆದೋರ್ ಆಡಳಿತದ ಮುಖ್ಯಸ್ಥನಾಗಿದ್ದ ಮಿಲೋಮಿರ್ ಸ್ತಾಕಿಚ್ ಜನಾಂಗಹತ್ಯೆಯ ಆರೋಪದಿಂದ ಖುಲಾಸೆಯಾಗಿದ್ದು ಇಲ್ಲೇ: ಮುಸ್ಲಿಮರನ್ನು ಆ ಪ್ರದೇಶದಿಂದ ಓಡಿಸುವ ಗುರಿ ಕಂಡಿತು, ನಾಶದ ಗುರಿ ಸಾಬೀತಾಗಲಿಲ್ಲ. ಹಾಗಂತ ಬಿಟ್ಟುಬಿಡಲಿಲ್ಲ, ಸಾಮೂಹಿಕ ಸಂಹಾರ, ಕಿರುಕುಳ ಮೊದಲಾದವುಗಳಿಗೆ ಕೊಟ್ಟಿದ್ದ ಜೀವಾವಧಿ ಶಿಕ್ಷೆ ಮೇಲ್ಮನವಿಯಲ್ಲಿ 40 ವರ್ಷಕ್ಕೆ ಇಳಿಯಿತು. ಮಾನವತೆಯ ವಿರುದ್ಧದ ಅಪರಾಧ ‘ಒಂದು ಮೆಟ್ಟಿಲು ಕಡಿಮೆ’ ಎನ್ನುವುದು ತಪ್ಪು.

ಉತ್ತರ 2:
ಸ್ರೆಬ್ರೆನಿತ್ಸಾದಲ್ಲೂ ಹೆಂಗಸರು, ಮಕ್ಕಳನ್ನು ಬಸ್ಸು ಹತ್ತಿಸಿ ಕಳಿಸಿದ್ದರು. ಹಾಗಾದರೆ ನಾಶದ ಉದ್ದೇಶ ಎಲ್ಲಿ ಎಂದು ಪ್ರತಿವಾದಿ ವಕೀಲರು ಕೇಳಿದರು. ಬೋಸ್ನಿಯಾ ಸರ್ಬ್ ಸೇನೆಯ ಜನರಲ್ ಕ್ರಿಸ್ತಿಚ್‌ನ 2004ರ ಮೇಲ್ಮನವಿ ತೀರ್ಪು ಕೊಟ್ಟ ಉತ್ತರ ಓದಲೇಬೇಕಾದ್ದು. ಅಲ್ಲಿದ್ದ ಮುಸ್ಲಿಮರು ಸುಮಾರು 40,000. ಅವರಲ್ಲಿ 7,000ಕ್ಕೂ ಹೆಚ್ಚು ಗಂಡಸರು, ಹುಡುಗರು ಇಲ್ಲವಾದರೆ ಆ ಸಮುದಾಯ ಅಲ್ಲಿ ಮತ್ತೆ ಬೇರೂರಲಾರದು. ಸತ್ತವರು ದಾಖಲೆಯಲ್ಲಿ ‘ಕಾಣೆಯಾದವರು’ ಆಗಿದ್ದರಿಂದ ಹೆಂಡತಿಯರು ಮರುಮದುವೆ ಆಗುವಂತೆಯೂ ಇರಲಿಲ್ಲ.

‘ಕಾಳಗದಲ್ಲಿ ಸತ್ತವರು’ ಎಂಬ ವಾದ ಬಿದ್ದದ್ದು ಮಣ್ಣಿನಿಂದ. ಕೊಂದ ಎರಡು-ಮೂರು ತಿಂಗಳಲ್ಲಿ ಯಂತ್ರಗಳಿಂದ ಗುಂಡಿ ಅಗೆದು ಹೆಣಗಳನ್ನು ಬೇರೆಡೆ ಹೂತಿದ್ದರು; ಒಂದೇ ದೇಹದ ತುಂಡುಗಳು ಬೇರೆ ಬೇರೆ ಗುಂಡಿಗಳಲ್ಲಿ ಸಿಕ್ಕವು. ಕಣ್ಣಿಗೆ ಕಟ್ಟಿದ ಬಟ್ಟೆ, ಕೈ ಬಿಗಿದ ಹಗ್ಗ, ಗುಂಡಿನ ಖಾಲಿ ಕೋಶ, ಮಣ್ಣು ಇವನ್ನು ತಾಳೆ ಹಾಕಿ ಯಾವ ಗುಂಡಿಯದು ಎಲ್ಲಿಗೆ ಹೋಯಿತೆಂದು ಗುರುತಿಸಿದರು. ಕೈ ಕಟ್ಟಿಸಿಕೊಂಡವನು ಕಾಳಗ ಮಾಡುತ್ತಿರಲಿಲ್ಲ.

ಇಷ್ಟಾದರೂ ಜನಾಂಗಹತ್ಯೆ ನಡೆಯಿತು ಎನ್ನುವುದು ಬೇರೆ, ಈ ಆರೋಪಿಗೆ ಆ ಉದ್ದೇಶವಿತ್ತು ಎನ್ನುವುದು ಬೇರೆ. ಕ್ರಿಸ್ತಿಚ್‌ಗೆ ಗೊತ್ತಿತ್ತು, ತನ್ನ ಪಡೆಯ ಜನ, ವಾಹನ ಬಳಕೆಯಾಗಲು ಬಿಟ್ಟ; ಅವನದೇ ಉದ್ದೇಶ ಸಾಬೀತಾಗಲಿಲ್ಲ. ಹಾಗಾಗಿ ನೆರವು ನೀಡಿದ ಅಪರಾಧ ಮಾತ್ರ, ಶಿಕ್ಷೆ 46ರಿಂದ 35 ವರ್ಷಕ್ಕೆ ಇಳಿಯಿತು.

ಪ್ರಶ್ನೆ ಕೇಳಿದವರು:
ಈಗ ತಿಳಿಯಿತು. ಯುದ್ಧಾಪರಾಧ ಎಲ್ಲಿ ಬರುತ್ತದೆ? ನಮ್ಮ ದೇಶದ ಕಾನೂನಿನಲ್ಲಿ ಇವು ಇವೆಯಾ?

ಉತ್ತರ 3:
ಯುದ್ಧಾಪರಾಧಕ್ಕೆ ಸಶಸ್ತ್ರ ಸಂಘರ್ಷ ಇರಲೇಬೇಕು, ಕೃತ್ಯಕ್ಕೆ ಅದರ ನಂಟೂ ಇರಬೇಕು. ಒಬ್ಬ ಕೈದಿಯನ್ನು ಕೊಂದರೂ ಸಾಕು. ಮಾನವತೆಯ ವಿರುದ್ಧದ ಅಪರಾಧ ಶಾಂತಿಕಾಲದಲ್ಲೂ ಆಗಬಹುದು, ಆದರೆ ನಾಗರಿಕರ ಮೇಲೆ ವ್ಯಾಪಕ ಅಥವಾ ವ್ಯವಸ್ಥಿತ ದಾಳಿ ನಡೆದಿರಬೇಕು. ರೋಮ್ ಶಾಸನದ (ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ಒಪ್ಪಂದ) 6, 7, 8ನೇ ವಿಧಿಗಳನ್ನು ಪಕ್ಕಪಕ್ಕ ಇಟ್ಟು ಓದಿ.

ಭಾರತ 1998ರಲ್ಲಿ ರೋಮ್‌ನ ಮತದಾನದಿಂದ ದೂರ ಉಳಿಯಿತು, ಇವತ್ತಿಗೂ ಸದಸ್ಯನಲ್ಲ. 1948ರ ಒಡಂಬಡಿಕೆಯನ್ನು 1959ರಲ್ಲೇ ಅನುಮೋದಿಸಿದ್ದರೂ ಅದಕ್ಕೆ ತಕ್ಕ ಕಲಮು ಭಾರತೀಯ ನ್ಯಾಯ ಸಂಹಿತೆಯಲ್ಲಿಲ್ಲ. 1984ರ ಹತ್ಯಾಕಾಂಡದ ಪ್ರಕರಣದಲ್ಲಿ, 2018ರಲ್ಲಿ, ದೆಹಲಿ ಹೈಕೋರ್ಟ್ ಈ ಕೊರತೆಯನ್ನು ಎತ್ತಿ ಹೇಳಿತ್ತು. ಇಲ್ಲಿ ಇಂಥ ಕೃತ್ಯ ಕೊಲೆ, ಗಲಭೆ, ಪಿತೂರಿಯ ಕಲಮುಗಳಡಿಯೇ ವಿಚಾರಣೆಗೆ ಬರುತ್ತದೆ.