ವೇವ್‌ಟೇಬಲ್ ಸಾಟೂತ್: ಮೇಲಿನ ಸ್ವರಗಳ ಅಡಿಯಲ್ಲಿ ಗುಂಯ್ ಅನ್ನೋ ಸದ್ದು

ಪ್ರಶ್ನೆ:
ಸಿ++ನಲ್ಲಿ ವೇವ್‌ಟೇಬಲ್ ಸಿಂಥ್ (ಅಲೆಯ ಒಂದು ಸುತ್ತನ್ನು ಟೇಬಲ್‌ನಲ್ಲಿಟ್ಟು, ಅದನ್ನೇ ಮತ್ತೆ ಮತ್ತೆ ಓದಿ ಸ್ವರ ನುಡಿಸುವ ಪ್ರೋಗ್ರಾಂ) ಬರೀತಿದ್ದೀನಿ. 2048 ಸ್ಯಾಂಪಲ್‌ನ ಸಾಟೂತ್ (ಗರಗಸದ ಹಲ್ಲಿನಂಥ ಅಲೆ) ಟೇಬಲ್, ಸ್ಯಾಂಪಲ್ ರೇಟ್ ಸೆಕೆಂಡಿಗೆ 48000. ಮಧ್ಯದ ಸ್ವರಗಳು ಚೆನ್ನಾಗಿವೆ. ಸಿ7 ಒತ್ತಿದರೆ ಮಾತ್ರ ಅಡಿಯಲ್ಲಿ ಗುಂಯ್ ಅಂತ ದಪ್ಪ ಸದ್ದೊಂದು ಸೇರಿಕೊಳ್ಳುತ್ತೆ. ಪಿಚ್ ಬೆಂಡ್‌ನಲ್ಲಿ ಜಾರು ಎಳೆದರೆ ಸ್ವರ ಏರುತ್ತೆ, ಒಳಗೇನೋ ಇಳಿಯುತ್ತೆ! ಕ್ಯೂಬಿಕ್ ಇಂಟರ್‌ಪೊಲೇಷನ್ (ಸ್ಯಾಂಪಲ್‌ಗಳ ನಡುವಿನ ಬೆಲೆ ಅಂದಾಜಿಸೋದು) ಹಾಕಿದೆ, ಕೊನೆಗೆ ಎತ್ತರದ ಆವರ್ತನ ತಡೆಯುವ ಲೋ-ಪಾಸ್ ಫಿಲ್ಟರ್ ಕೂಡ. ಪ್ರಯೋಜನ ಆಗಲಿಲ್ಲ. ಎರಡು ವಾರದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೀನಿ, ದಯವಿಟ್ಟು ದಾರಿ ತೋರಿಸಿ.

ಉತ್ತರ:
ಇದು ಏಲಿಯಾಸಿಂಗ್ (ಮಿತಿ ಮೀರಿದ ಆವರ್ತನ ಕೆಳಗಿನ ಬೇರೆ ಆವರ್ತನವಾಗಿ ಕೇಳಿಸೋದು), ಇಂಟರ್‌ಪೊಲೇಷನ್ ತಪ್ಪಲ್ಲ. ಸಿ7 ಅಂದರೆ 2093 ಹರ್ಟ್ಸ್. ನಿಮ್ಮ ಮಿತಿ ಸ್ಯಾಂಪಲ್ ರೇಟಿನ ಅರ್ಧ, 24000, ಹಾಗಾಗಿ 11 ಹಾರ್ಮೋನಿಕ್‌ಗಳಿಗೆ (ಮೂಲ ಆವರ್ತನದ 1, 2, 3... ಪಟ್ಟಿನ ಆವರ್ತನಗಳಿಗೆ) ಮಾತ್ರ ಜಾಗ. ಟೇಬಲ್‌ನಲ್ಲಿ ಸಾವಿರದಷ್ಟಿವೆ. ಮಿಕ್ಕವು ಎಲ್ಲಿಗೂ ಹೋಗಲ್ಲ, ಮಡಚಿಕೊಂಡು ಕೆಳಗೆ ಬರುತ್ತವೆ. 23ನೆಯದು 48139ರಲ್ಲಿ ಇರಬೇಕಿತ್ತು. 48000 ಕಳೆಯಿರಿ, 139 ಹರ್ಟ್ಸ್. ನಿಮ್ಮ ಗುಂಯ್ ಅದೇ. 12ರಿಂದ 22ರವರೆಗಿನವು ಕನ್ನಡಿ ಬಿಂಬದಂತೆ ತಿರುಗಿ ಬರೋದರಿಂದ ಸ್ವರ ಏರಿದಂತೆ ಇಳಿಯುತ್ತವೆ. ಒಮ್ಮೆ 139ರಲ್ಲಿ ಬಂದು ಕೂತ ಮೇಲೆ ಲೋ-ಪಾಸ್ ಅದನ್ನು ಹೇಗೆ ತಡೆದೀತು? ಓದುವ ಮೊದಲೇ ಟೇಬಲ್‌ನಿಂದ ತೆಗೆಯಬೇಕು.

ಆಕ್ಟೇವಿಗೊಂದು ಟೇಬಲ್ ಮಾಡಿ. ಮೂಲ ಟೇಬಲ್‌ಗೆ ಎಫ್‌ಎಫ್‌ಟಿ (ಅಲೆಯನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಆ ಆಕ್ಟೇವಿನ ಅತಿ ಎತ್ತರದ ಸ್ವರಕ್ಕೆ ಹಿಡಿಸುವಷ್ಟು ಹಾರ್ಮೋನಿಕ್ ಉಳಿಸಿ ಮಿಕ್ಕ ಬಿನ್‌ಗಳಿಗೆ, ಅಂದರೆ ಆವರ್ತನದ ಖಾನೆಗಳಿಗೆ, ಸೊನ್ನೆ (ಕನ್ನಡಿ ಭಾಗದ ಬಿನ್‌ಗಳನ್ನೂ ಮರೀಬೇಡಿ), ಆಮೇಲೆ ಮತ್ತೆ ಅಲೆಯಾಗಿಸುವ ಇನ್ವರ್ಸ್ ಎಫ್‌ಎಫ್‌ಟಿ. ಶುರುವಿನಲ್ಲಿ ಒಮ್ಮೆ ಮಾಡಿಟ್ಟರೆ ಸಾಕು. 10 ಟೇಬಲ್ ಅಂದರೂ 32 ಬಿಟ್ ಫ್ಲೋಟ್‌ನಲ್ಲಿ 80 ಕಿಲೋಬೈಟ್.

ಪ್ರಶ್ನೆ ಕೇಳಿದವರು:
ಗುಂಯ್ ಪೂರ್ತಿ ಹೋಯ್ತು, ತುಂಬಾ ಥ್ಯಾಂಕ್ಸ್ ಸರ್! ಆದರೆ ಜಾರು ಎಳೆಯುವಾಗ ಆಕ್ಟೇವ್ ದಾಟುವ ಕಡೆ ಟಕ್ ಅನ್ನುತ್ತೆ, ನಾದವೂ ಥಟ್ಟನೆ ಮಂಕಾಗುತ್ತೆ.

ಉತ್ತರ:
ಪ್ರತಿ ಟೇಬಲ್ಲನ್ನೂ ಬೇರೆ ಬೇರೆ ನಾರ್ಮಲೈಸ್ (ಪೀಕನ್ನು ಒಂದೇ ಮಟ್ಟಕ್ಕೆ ತರೋದು) ಮಾಡಿದ್ದೀರಾ ನೋಡಿ. ಹಾರ್ಮೋನಿಕ್ ಕಡಿಮೆಯಾದರೆ ಪೀಕ್ ಬದಲಾಗುತ್ತೆ, ಆಗ ಒಂದೊಂದಕ್ಕೂ ಬೇರೆ ಗೇನ್ (ಸದ್ದು ಹಿಗ್ಗಿಸುವ ಪ್ರಮಾಣ) ಬೀಳುತ್ತೆ. ಎಲ್ಲಕ್ಕೂ ಒಂದೇ ಗೇನ್ ಇರಲಿ. ಟೇಬಲ್ ಬದಲಿಸುವಾಗ ಫೇಸ್ (ಟೇಬಲ್‌ನಲ್ಲಿ ಓದುತ್ತಿರುವ ಜಾಗ) ಇದ್ದಲ್ಲೇ ಮುಂದುವರಿಯಬೇಕು, ಸೊನ್ನೆಗೆ ತರಬೇಡಿ.

ಮಂಕಿಗೆ ಕಾರಣ ಬೇರೆ. 2093ಕ್ಕೆ ಕತ್ತರಿಸಿದ ಟೇಬಲ್ಲನ್ನೇ 1047 ಹರ್ಟ್ಸ್‌ಗೆ ನುಡಿಸಿದರೆ 11 ಹಾರ್ಮೋನಿಕ್‌ಗಳು 11500ರ ಹತ್ತಿರವೇ ಮುಗಿದುಹೋಗುತ್ತವೆ. ಆಕ್ಟೇವಿಗೆ 3 ಟೇಬಲ್ ಮಾಡಿ, ಪಕ್ಕಪಕ್ಕದ ಎರಡರ ನಡುವೆ ಕ್ರಾಸ್‌ಫೇಡ್ ಮಾಡಿ (ಒಂದು ಇಳಿಯುತ್ತಾ ಇನ್ನೊಂದು ಏರಲಿ). ಮಿತಿಯನ್ನು 28000ದವರೆಗೆ ಸಡಿಲಿಸಲೂಬಹುದು: 28000 ಮಡಚಿದರೆ 20000ಕ್ಕೆ ಬೀಳುತ್ತೆ, ಅದಕ್ಕಿಂತ ಮೇಲಿನದು ಕೇಳಿಸಲ್ಲ. ಮುಂದೆ ಡಿಸ್ಟಾರ್ಷನ್ ಹಾಕುವ ಯೋಚನೆ ಇದ್ದರೆ ಮಾತ್ರ 24000 ದಾಟಬೇಡಿ. ಎಫ್‌ಎಂ (ಒಂದು ಅಲೆಯಿಂದ ಇನ್ನೊಂದರ ಆವರ್ತನ ಅಲುಗಿಸೋದು), ಹಾರ್ಡ್ ಸಿಂಕ್‌ಗೆ (ಒಂದು ಅಲೆ ಪ್ರತಿ ಸುತ್ತಿಗೂ ಇನ್ನೊಂದನ್ನು ಮೊದಲಿಂದ ಶುರು ಮಾಡಿಸೋದು) ಇಷ್ಟು ಸಾಲದು, ಓವರ್‌ಸ್ಯಾಂಪ್ಲಿಂಗ್ (ಹೆಚ್ಚಿನ ಸ್ಯಾಂಪಲ್ ರೇಟ್‌ನಲ್ಲಿ ಲೆಕ್ಕ ಮಾಡಿ ಆಮೇಲೆ ಇಳಿಸೋದು) ಥರದ ಉಪಾಯ ಬೇಕು.

ಪ್ರಶ್ನೆ ಕೇಳಿದವರು:
ಹೌದು ಸರ್, ಲೂಪ್‌ನ ಒಳಗೇ ನಾರ್ಮಲೈಸ್ ಸಾಲಿತ್ತು. ಹೊರಗೆ ತಂದೆ, ಟಕ್ ನಿಂತಿತು. ಆಕ್ಟೇವಿಗೆ 3 ಟೇಬಲ್, ಕ್ರಾಸ್‌ಫೇಡ್ ಎರಡೂ ಹಾಕಿ ಕೆಳ ಷಡ್ಜದಿಂದ ತಾರ ಷಡ್ಜಕ್ಕೆ ನಿಧಾನವಾಗಿ ಎಳೆದು ಹೆಡ್‌ಫೋನ್‌ನಲ್ಲಿ ಕೇಳಿದೆ. ಟೇಬಲ್ ಎಲ್ಲಿ ಬದಲಾಗುತ್ತೆ ಅಂತ ಗೊತ್ತೇ ಆಗ್ತಿಲ್ಲ.